ಬೇಲಿ ಕಂಬದ ಮಹಾಯುದ್ಧ

ಈ ಸಲ ಗೆಲ್ಲುವವಳು ನಾನೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ತೋಟದ ಬೇಲಿಗೆ ಸಿಮೆಂಟ್ ಕಂಬ! ಮರದ ಕಂಬದ ಮಾತೇ ಇಲ್ಲ! ಯಾರು ಅಡ್ಡ ಬಂದರೂ ಕೇಳುವವಳಲ್ಲ! ಅಡ್ಡ ಬರುವ ಮನುಷ್ಯ ತೀರಿಕೊಂಡಿದ್ದರು. ಇಷ್ಟು ಸುಲಭದ ಯುದ್ಧ ಯಾವ ರಾಜನಿಗೂ ಸಿಕ್ಕಿರಲಿಕ್ಕಿಲ್ಲ.

ನಮ್ಮ ಮನೆ ಹಿಂದೆ ಒಂದು ಕೈತೋಟ. ಸುತ್ತ ತಂತಿ ಬೇಲಿ. ಬೇಲಿಗೆ ಮರದ ಕಂಬ. ನೆಟ್ಟವರು ನಮ್ಮವರು. ಅದು ಸರಿಯಲ್ಲ ಅಂದವಳು ನಾನು. ಮದುವೆಯಾದ ಹೊಸತರಲ್ಲಿ ಶುರುವಾದ ವಾದ ಕೊನೆ ತನಕ ಮುಗಿಯಲಿಲ್ಲ. ಬೇರೆ ಗಂಡ ಹೆಂಡತಿ ಪ್ರೀತಿಯ ಮಾತಾಡುವ ಹೊತ್ತಿಗೆ ನಾವು ಕಂಬದ ಮಾತಾಡುತ್ತಿದ್ದೆವು.

"ಮರಕ್ಕೆ ಗೆದ್ದಲು ಹಿಡಿಯತ್ತೆ ಕಣ್ರೀ."

"ಹಿಡೀಲಿ. ಅದಕ್ಕೂ ಹೊಟ್ಟೆ ಇದೆ."

"ಸಿಮೆಂಟ್ ಕಂಬ ಹಾಕಿದ್ರೆ ನಮ್ಮ ಕಾಲ ಮುಗಿದ್ರೂ ನಿಂತಿರತ್ತೆ."

"ನಮ್ಮ ಕಾಲ ಮುಗಿದ್ಮೇಲೆ ನಿಂತು ಏನು ಮಾಡತ್ತೆ? ನಮ್ಮನ್ನ ಹುಡುಕತ್ತಾ?"

"ಮರ ಬಾಗತ್ತೆ."

"ಬಾಗೋದು ಒಳ್ಳೇ ಗುಣ. ನೀನೂ ಸ್ವಲ್ಪ ಕಲಿ."

ಎಂಥಾ ಬಾಯಿ! ನನ್ನ ಗಂಡ ಅಂತ ಹೊಗಳುತ್ತಿಲ್ಲ. ಮಾತಿಗೆ ಮಾತು ಕೊಡೋದರಲ್ಲಿ ಅಂಥ ಇನ್ನೊಬ್ಬ ಹುಟ್ಟಬೇಕಷ್ಟೆ. ಕೂಗುತ್ತಿರಲಿಲ್ಲ, ರೇಗುತ್ತಿರಲಿಲ್ಲ. ಕೈಯಲ್ಲಿ ಕಳೆ ಕೀಳುತ್ತಾ ಬಾಯಲ್ಲಿ ನನ್ನ ಮಾತಿನ ಬೇರು ಕೀಳುತ್ತಿದ್ದರು. ವಕೀಲರಾಗಿದ್ದರೆ ಜಡ್ಜುಗಳೆಲ್ಲ ರಜಾ ಹಾಕಿ ಮನೆಗೆ ಹೋಗುತ್ತಿದ್ದರು! ಅವರು ಆಗಿದ್ದು ಬಸ್ ಮೆಕ್ಯಾನಿಕ್. ಬಸ್ಸುಗಳು ಎದುರು ಮಾತಾಡುವುದಿಲ್ಲ. ಅದಕ್ಕೇ ಸಂಜೆ ಮನೆಗೆ ಬರುವಾಗ ಊಟಕ್ಕಿಂತ ವಾದಕ್ಕೇ ಹಸಿದಿರುತ್ತಿದ್ದರು.

ಆಸ್ಪತ್ರೆಯ ಮಂಚದ ಮೇಲೂ ಬಿಡಲಿಲ್ಲ. "ನಾನು ಬರೋ ತನಕ ಸಿಮೆಂಟ್ ಕಂಬ ತರಿಸಬೇಡ" ಅಂದರು.

ಬರಲಿಲ್ಲ.

ಆಮೇಲೆ ನಾನು ಅಡುಗೆಮನೆಯಿಂದ ಮಂಚಕ್ಕೆ, ಮಂಚದಿಂದ ಅಡುಗೆಮನೆಗೆ. ಅಷ್ಟೇ ಓಡಾಟ. ಒಂದು ಬೆಳಿಗ್ಗೆ ಕಿಟಕಿಯಲ್ಲಿ ನೋಡಿದರೆ ಪಕ್ಕದ ಮನೆ ಅಜ್ಜಿಯ ಆಡು ತೋಟದೊಳಗಿದೆ! ಈ ಆಡಿಗೆ ನಮ್ಮವರು ಇನ್‌ಸ್ಪೆಕ್ಟರ್ ಅಂತ ಹೆಸರಿಟ್ಟಿದ್ದರು. ದಿನಾ ತಪಾಸಣೆಗೆ ಬರುತ್ತಿತ್ತಲ್ಲ! ಅವರು ಕೊನೆಯದಾಗಿ ಬಿತ್ತಿದ್ದ ಬೀನ್ಸ್ ಸಾಲಿನಲ್ಲಿ ನಿಂತು, ಸ್ವಂತ ಆಸ್ತಿ ಅನ್ನೋ ಹಾಗೆ ಮೇಯುತ್ತಿತ್ತು. ಪೊರಕೆ ಹಿಡಿದು ಓಡಿದೆ. ಅದು ಎರಡು ಕಂಬದ ನಡುವಿನ ಸಂದಿಯಲ್ಲಿ ನುಸುಳಿ ಹೋಯಿತು.

ಉಳಿದ ಗಿಡಗಳು ಹೂ ಬಿಟ್ಟಿದ್ದವು. ಬಿತ್ತಿದವರು ಇನ್ನು ಬಿತ್ತುವವರಲ್ಲ. ಇದ್ದದ್ದು ಇಷ್ಟೇ. ಇಷ್ಟನ್ನು ಉಳಿಸಲೇಬೇಕು. ಪೊರಕೆ ಮೇಲೆತ್ತಿ ಅಲ್ಲೇ ಘೋಷಣೆ ಮಾಡಿದೆ: ಸಿಮೆಂಟ್ ಕಂಬ!

ಜೊತೆಗಿರಲಿ ಅಂತ ನಾದಿನಿ ಬಂದಿದ್ದಳು. ನಮ್ಮವರ ತಂಗಿ. ಹುಡುಗಿಯಾಗಿದ್ದಾಗ ಮಹಾ ಬಾಯಿಬಡುಕಿ. ಈಗ ಅವಳಿಗೆ ಯಾರೋ ಬುದ್ಧಿ ಹೇಳಿ ಕಳಿಸಿದ್ದರು. ಅತ್ತಿಗೆಗೆ ಎದುರು ಮಾತಾಡಬೇಡ, ಮನಸ್ಸು ನೋಯಿಸಬೇಡ ಅಂತ. ಆ ಬುದ್ಧಿಮಾತನ್ನು ಮಾತ್ರೆ ನುಂಗಿದ ಹಾಗೆ ನುಂಗಿದ್ದಳು.

"ಬೇಲಿಗೆ ಸಿಮೆಂಟ್ ಕಂಬ ಹಾಕಿಸ್ತೀನಿ!" ಸೊಂಟದ ಮೇಲೆ ಕೈ ಇಟ್ಟು ಯುದ್ಧಕ್ಕೆ ನಿಂತೆ.

"ಹೌದು ಅತ್ತಿಗೆ. ಅದೇ ಸರಿ."

"ಸಿಮೆಂಟು ಭಾರ. ಎತ್ತೋದು ಕಷ್ಟ."

"ಕಷ್ಟ ಏನಿಲ್ಲ ಅತ್ತಿಗೆ."

"ನಿಮ್ಮಣ್ಣ ಒಪ್ತಿರಲಿಲ್ಲ!"

"ನೀವು ಹೇಳೋದೇ ಸರಿ ಅತ್ತಿಗೆ."

ಇದೊಂದು ಗೆಲುವಾ? ಕುಸ್ತಿಗೆ ಇಳಿದರೆ ಎದುರಾಳಿ ಚಾಪೆ ಹಾಸಿ ಮಲಗಿದ ಹಾಗಾಯಿತು. ನನಗೆ ಮೈ ಉರಿಯಿತು.

"ಅದು ಹೇಗೆ ಸರಿ? ಸಿಮೆಂಟಿಗೆ ಒಂದು ಮೊಳೆ ಹೋಗತ್ತಾ? ಬಿಸಿಲಿಗೆ ಮುಟ್ಟಿದ್ರೆ ಕೈ ಸುಡತ್ತೆ! ಮರ ಅಂದ್ರೆ ಮರ!"

ಬಾಯಿ ನನ್ನದು. ಮಾತು ಅವರದು. ಹೇಳಿದ ಮೇಲೆ ನನಗೇ ಗೊತ್ತಾಯಿತು.

"ಹೌದು ಅತ್ತಿಗೆ. ಮರದ್ದೇ ಸರಿ."

ಗಾರೆ ಮೇಸ್ತ್ರಿಯನ್ನು ಕರೆಸಿದೆ. ಒಂದು ಇಟ್ಟಿಗೆ ಇಡೋದಕ್ಕೂ ನಮ್ಮವರ ಜೊತೆ ಅರ್ಧ ದಿನ ಜಗಳ ಆಡುತ್ತಿದ್ದ ಆಸಾಮಿ. ಇವನಾದರೂ ನನ್ನ ಮಾನ ಉಳಿಸುತ್ತಾನೆ ಅಂದುಕೊಂಡೆ. ಬಂದವನು ತಲೆ ತಗ್ಗಿಸಿ, ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ ಪಿಸುಗುಟ್ಟಿದ: "ನೀವು ಹೇಗೆ ಹೇಳಿದ್ರೆ ಹಾಗೆ ಅಮ್ಮ."

"ಸಿಮೆಂಟ್ ಅಂದ್ರೆ?"

"ಸಿಮೆಂಟ್ ಅಮ್ಮ."

"ಮರ ಅಂದ್ರೆ?"

"ಮರ ಅಮ್ಮ."

"ಕಬ್ಬಿನ ಜಲ್ಲೆ ನೆಡೋಣ ಅಂದ್ರೆ?"

"ಒಳ್ಳೇದು ಅಮ್ಮ."

ದೇವರೇ! ಗಂಡ ಸತ್ತರೆ ಹೆಂಡತಿ ಹೇಳಿದ್ದೆಲ್ಲ ವೇದವಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಒಬ್ಬರೂ "ಇಲ್ಲ" ಅನ್ನುವುದಿಲ್ಲ. ಮನೆಯಲ್ಲಿ ಗಾಳಿಯೇ ನಿಂತ ಹಾಗೆ. ನಾನು ಬೆಳಿಗ್ಗೆ ಸಿಮೆಂಟ್ ಅನ್ನುತ್ತಿದ್ದೆ, ಯಾರಾದರೂ ಕೆಣಕಲಿ ಅಂತ. ಮಧ್ಯಾಹ್ನ ಮರ ಅನ್ನುತ್ತಿದ್ದೆ, ಆಗಲಾದರೂ ಕೆಣಕಲಿ ಅಂತ. ನಾದಿನಿ ಪ್ರತಿ ಸಲವೂ "ಹೌದು ಅತ್ತಿಗೆ" ಅಂತ ಫೋನ್ ಹಿಡಿದು ಹೊರಗೆ ಹೋಗುತ್ತಿದ್ದಳು. ಯಾರಿಗೆ ಫೋನ್ ಅಂತ ನಾನು ಕೇಳಲಿಲ್ಲ.

ಗೊತ್ತಾಗಿದ್ದು ಎರಡು ಟೆಂಪೋ ಒಟ್ಟಿಗೆ ಬಂದಾಗ! ಒಂದರ ತುಂಬ ಸಿಮೆಂಟ್ ಕಂಬ. ಇನ್ನೊಂದರ ತುಂಬ ಮರದ ಕಂಬ. ಹಿತ್ತಲ ದಾರಿಯಲ್ಲಿ ದಿಬ್ಬಣದ ಹಾಗೆ ಸಾಲಾಗಿ ನಿಂತಿವೆ.

"ಏನೇ ಇದು?"

"ಎರಡೂ ಹೇಳಿದ್ರಲ್ಲ ಅತ್ತಿಗೆ. ಒಂದು ಬೇಡ ಅಂತ ನೀವು ಹೇಳಲೇ ಇಲ್ಲ."

ಸಿಮೆಂಟಿನ ಟೆಂಪೋ ಹಿಂದಕ್ಕೆ ಬರಬೇಕಿತ್ತು. ಡ್ರೈವರನಿಗೆ ನಾನು ದಾರಿ ತೋರಿಸಲು ನಿಂತೆ. "ಎಡಕ್ಕೆ!" ಅಂದೆ. ಬಂದ. "ಅಲ್ಲಲ್ಲ, ಬಲಕ್ಕೆ!" ಅಂದೆ. ಬಂದ. "ಇನ್ನೂ ಬಾ!" ಅಂದೆ. ಕನ್ನಡಿ ನೋಡಿದ್ದರೆ ಅವನಿಗೇ ಕಾಣುತ್ತಿತ್ತು. ನೋಡಲಿಲ್ಲ. ಅಮ್ಮನ ಮಾತು ಮೀರಬಾರದಲ್ಲ!

ದಡಾರ್! ಬೇಲಿ ಉದ್ದಕ್ಕೂ ಮಲಗಿತು.

ಮೂಲೆಯ ಕಂಬ ಒಂದು ಮಾತ್ರ ಟೆಂಪೋಗೆ ಎದೆ ಕೊಟ್ಟು ನಿಂತಿತು. ಟೆಂಪೋದ ಹಿಂದಿನ ದೀಪ ಪುಡಿ. ಕಂಬ ಸ್ವಲ್ಪ ಬಾಗಿತು, ಅಷ್ಟೆ. "ನೋಡಿದ್ರಾ ನಮ್ಮವರ ಕೈಗುಣ!" ಅಂತ ಎಲ್ಲರ ಮುಂದೆ ಬೀಗಿದೆ. ಯಾವ ಪಕ್ಷದಲ್ಲಿದ್ದೇನೆ ಅನ್ನೋದು ಅಷ್ಟರಲ್ಲಿ ನನಗೇ ಮರೆತುಹೋಗಿತ್ತು.

ಇಳಿಸಿದ ಸಿಮೆಂಟ್ ಕಂಬ ನೋಡಿದಾಗ ನೆನಪಾಯಿತು. ಮೊಳೆ ಹೋಗಲ್ಲ ಅಂದಿದ್ದರಲ್ಲ, ಹೊಡೆದೇ ತೋರಿಸ್ತೀನಿ! ಸುತ್ತಿಗೆ ತಂದೆ. ಮೊಳೆ ಇಟ್ಟೆ. ಬೀಸಿದೆ. ಮೊಳೆ ಟಣ್ ಅಂತ ಹಾರಿ, ಮೇಸ್ತ್ರಿಯ ಕಿವಿ ಪಕ್ಕದಲ್ಲೇ ಹೋಗಿ, ಪ್ಲಾಸ್ಟಿಕ್ ಬಕೆಟ್ಟಿನ ಹೊಟ್ಟೆಗೆ ನಾಟಿತು. ನೀರು ಸುರಿಯತೊಡಗಿತು.

ಮೇಸ್ತ್ರಿ ಕಿವಿ ಮುಟ್ಟಿ ನೋಡಿಕೊಂಡು ಹೇಳಿದ: "ಚೆನ್ನಾಗಿ ಹೊಡೆದ್ರಿ ಅಮ್ಮ."

ಆಗ ಬಂದರು ಇನ್‌ಸ್ಪೆಕ್ಟರ್ ಸಾಹೇಬರು! ಬಿದ್ದ ಬೇಲಿಯ ಮೇಲೆ ರತ್ನಗಂಬಳಿ ಹಾಸಿದ ಹಾಗೆ ಹೆಜ್ಜೆ ಹಾಕುತ್ತಾ ನೇರ ಬೀನ್ಸಿನ ಹತ್ತಿರ. "ಹೋಗೇ!" ಅಂತ ಓಡಿದೆ. ಮರದ ಕಂಬವೊಂದು ಕಾಲ ಕೆಳಗೆ ಉರುಳಿತು. ನಾನು ಗಾಳಿಯಲ್ಲಿ ಒಂದು ಸುತ್ತು ಹಾಕಿ, ಬೀನ್ಸ್ ಸಾಲಿನ ನಡುವೆ ಧೊಪ್ ಅಂತ ಕೂತೆ. ಆಡು ಒಂದು ವಾರ ತಿಂದರೂ ಅಷ್ಟು ಗಿಡ ಹಾಳಾಗುತ್ತಿರಲಿಲ್ಲ. ಉಳಿಸಬೇಕು ಅಂತ ಹೊರಟವಳು ನಾನು!

"ಪರವಾಗಿಲ್ಲ ಅತ್ತಿಗೆ, ಚೆನ್ನಾಗೇ ಕೂತ್ರಿ," ಅಂದಳು ನಾದಿನಿ.

ಅಷ್ಟರಲ್ಲಿ ಪಕ್ಕದ ಮನೆ ಅಜ್ಜಿ ಕೋಲು ಊರಿಕೊಂಡು ಬಂದಳು.

"ಏನೇ ದಡ್ಡಿ! ಬೇಲಿ ಕಟ್ತಿದ್ದೀಯೋ, ಕೆಡವ್ತಿದ್ದೀಯೋ?"

ಆಹಾ! ದಡ್ಡಿ! ಎಷ್ಟು ದಿನವಾಗಿತ್ತು ಯಾರಾದರೂ ಬೈದು! ಕಿವಿ ತಂಪಾಯಿತು. ಕೂತಲ್ಲಿಂದಲೇ ಕೂಗಿದೆ. "ನಿಮ್ಮ ಆಡಿಂದಲೇ ಅಜ್ಜಿ ಇಷ್ಟೆಲ್ಲ! ಅದನ್ನ ಕಟ್ಟಿ ಹಾಕೋಕೆ ನಿಮಗೇನು ರೋಗ?"

"ರೋಗ ನನಗಲ್ಲ ಕಣೇ, ನಿನ್ನ ಗಂಡನಿಗೆ! ನಾನು ಕಟ್ಟೇ ಹಾಕ್ತಿದ್ದೆ. ಬಿಚ್ಚಿ ಅಂದವನೇ ಅವನು."

"ಏನಂದ್ರಿ?"

"'ಆಡು ಬಂದ್ರೆ ಬೈಯೋಕಾದ್ರೂ ಅವಳು ತೋಟಕ್ಕೆ ಬರ್ತಾಳೆ ಅಜ್ಜಿ. ಇಲ್ಲಾಂದ್ರೆ ಅಡುಗೆಮನೆ ಬಿಟ್ಟು ಅಲ್ಲಾಡಲ್ಲ. ನಾನು ಇಲ್ಲಿ ಯಾರ ಹತ್ರ ಮಾತಾಡ್ಲಿ?' ಅಂತಿದ್ದ. ಅಂಚಿನ ಸಾಲು ಆಡಿಗೆ ಅಂತಲೇ ಬಿತ್ತುತ್ತಿದ್ದ. ಅದು ನುಸುಳಲಿ ಅಂತ ಕಂಬ ಕಿತ್ತು ಅತ್ತ ಇತ್ತ ಜರುಗಿಸಿ ನೆಡ್ತಿದ್ದ. ಸಿಮೆಂಟ್ ಕಂಬ ಹೂತುಬಿಟ್ರೆ ಜರುಗಿಸೋಕಾಗತ್ತಾ? ಅದಕ್ಕೇ ಅವನಿಗೆ ಸಿಮೆಂಟ್ ಅಂದ್ರೆ ಆಗ್ತಿರಲಿಲ್ಲ."

ನಾನು ಮುರಿದ ಬೀನ್ಸ್ ಗಿಡವೊಂದನ್ನು ನೆಟ್ಟಗೆ ನಿಲ್ಲಿಸಲು ನೋಡಿದೆ.

"ಆಸ್ಪತ್ರೆಗೆ ನೋಡೋಕೆ ಹೋದಾಗಲೂ ಅದೇ ಹೇಳಿದ. 'ನಾನಿಲ್ಲ ಅಂತ ಆಡು ಕಟ್ಟಿಬಿಡಬೇಡಿ, ಅವಳು ಒಳಗೇ ಕೂತ್ಬಿಡ್ತಾಳೆ.' ನೋಡು, ಬಂದೆಯಲ್ಲ ಹೊರಗೆ!"

ಇಷ್ಟು ವರ್ಷ ನಾನು ಕಂಬದ ವಿಷಯ ವಾದ ಮಾಡುತ್ತಿದ್ದೆ. ಅವರಿಗೆ ಕಂಬದ ಯೋಚನೆಯೇ ಇರಲಿಲ್ಲ. ಎಂಥಾ ಮನುಷ್ಯ! ಸತ್ತ ಮೇಲೂ ಗೆದ್ದರು. ಕಣ್ಣೊರೆಸಿಕೊಂಡೆ. ಕೈಯಲ್ಲಿ ಮಣ್ಣಿತ್ತು, ಮುಖವೆಲ್ಲ ಕೆಸರಾಯಿತು.

ಮೇಸ್ತ್ರಿ ಪಿಸುಗುಟ್ಟಿದ: "ಅಮ್ಮ, ಯಾವ ಕಂಬ ನೆಡಲಿ?"

"ಯಾವುದಾದ್ರೂ ನೆಡಪ್ಪ. ಆಡು ನುಗ್ಗುವಷ್ಟು ಸಂದಿ ಬಿಡು."

ನಾದಿನಿಯ ಮುಖ ಕೆಂಪಾಯಿತು. ನುಂಗಿದ ಮಾತ್ರೆ ಅವತ್ತಿಗೆ ಕೆಲಸ ನಿಲ್ಲಿಸಿತು ಅಂತ ಕಾಣುತ್ತದೆ.

"ಸಾಕು ಮಾಡಿ ಅತ್ತಿಗೆ! ತಲೆ ಕೆಟ್ಟಿದೆಯಾ ನಿಮಗೆ? ಆಡಿಗೆ ದಾರಿ ಬಿಡೋಕೆ ಬೇಲಿ ಯಾಕೆ? ಎರಡು ಟೆಂಪೋ ಕಂಬ ತರಿಸಿದ್ದು ಅದಕ್ಕೆ ಬಾಗಿಲು ಕಟ್ಟಿಸೋಕಾ?"

ನನಗೆ ಜೀವ ಬಂತು. ಎದ್ದು ನಿಂತೆ. ಸೊಂಟದ ಮೇಲೆ ಕೈ ಇಟ್ಟೆ. ಜಾಡಿಸಿಬಿಡೋಣ ಅಂತ ಬಾಯಿ ತೆರೆದೆ.

ಮಾತೇ ಬರಲಿಲ್ಲ. ಎಷ್ಟಂದರೂ ಅವರ ತಂಗಿ!