ಮಸಾಲೆ ಕೋಣೆಗೆ ಸಾಹೇಬರ ಸವಾರಿ

ಮುಂಬಯಿಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೂ ಕುಳಿತೂ ಸೊಂಟ ಸವೆಸಿದವನು ನಾನು. ನಮ್ಮೂರು ತೆಕ್ಕಟ್ಟೆಗೆ ಬಂದು ನೆಲೆಸಿದ ಮೇಲೆ ಮನೆಯಲ್ಲಾದರೂ ಧಣಿಯ ಮರ್ಯಾದೆ ಸಿಕ್ಕೀತು ಎಂದುಕೊಂಡಿದ್ದೆ. ಸಿಕ್ಕಿತು, ಆದರೆ ಹೆಂಡತಿಗೆ! ಈಗ ನಮ್ಮ ಮನೆಯ ಧಣಿ ಶ್ರೀಮತಿ ಪ್ರಭಾವತಿ. ಮೆಣಸಿನ ಚೀಲ ಹೊತ್ತು ಮಿಲ್ಲಿಗೆ ಹೋಗಿ ಬರುವ ಆಳು ಭೋಜರಾಜ ಶೆಟ್ಟಿ, ಅಂದರೆ ನಾನು. (ಸಂಬಳ ಇಲ್ಲ. ಊಟ ಇದೆ. ಊಟದ ಜೊತೆ ಬೈಗುಳ ಉಚಿತ.)

ಇದಕ್ಕೆಲ್ಲ ಕಾರಣ ಅವಳ ಮಸಾಲೆ ಪುಡಿ. ಕೋಳಿ ಸಾರಿಗೆ ಹಾಕುವ ನಮ್ಮ ಕುಂದಾಪುರದ ಕೆಂಪು ಪುಡಿ. ಮೆಣಸು, ಕೊತ್ತಂಬರಿ, ಕಾಳುಮೆಣಸು, ಜೀರಿಗೆ, ಮೆಂತೆ ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿದು ಅವಳು ಮಾಡುವ ಪುಡಿಯ ಘಮಕ್ಕೆ ಹೆದ್ದಾರಿಯಲ್ಲಿ ಹೋಗುವ ಬಸ್ಸಿನವರೂ ತಲೆ ಹೊರಗೆ ಹಾಕುತ್ತಾರೆ. ಇಷ್ಟು ಕಾಲ ಅದು ನೆಂಟರ ಬ್ಯಾಗುಗಳಲ್ಲಿ ಪುಕ್ಕಟೆಯಾಗಿ ಮುಂಬಯಿಗೆ ಹೋಗುತ್ತಿತ್ತು. ಒಂದು ಮದುವೆಯ ಮರುದಿನದ ಕೋಳಿ ಊಟದಲ್ಲಿ ಬೈಂದೂರಿನ ಅಡುಗೆ ಗುತ್ತಿಗೆದಾರ ಯೋಗೀಶ್ ಅದರ ರುಚಿ ನೋಡಿದ್ದೇ ತಡ, ಕೈ ತೊಳೆಯದೆ ಓಡಿ ಬಂದ.

"ಅಕ್ಕಾ, ಈ ಪುಡಿ ನಂಗೆ ಪ್ಯಾಕೆಟ್ ಮಾಡಿ ಕೊಡಿ. ಆದ್ರೆ ಪ್ಯಾಕೆಟ್ ಮೇಲೆ ಸರ್ಕಾರದ ನಂಬ್ರ ಇರ್ಕ್."

ಬ್ರಹ್ಮಾವರದ ಬ್ಯಾಂಕಿನಲ್ಲಿರುವ ನಮ್ಮ ಮಗಳು ಚಂದನಾ ಮೊಬೈಲಿನಲ್ಲೇ ಅರ್ಜಿ ಹಾಕಿದಳು. ಹದಿನಾಲ್ಕು ಅಂಕಿಯ ನಂಬರು ಬಂದೇ ಬಿಟ್ಟಿತು. ಆ ದಿನದಿಂದ ನನ್ನ ಹೆಂಡತಿ 'ಆಹಾರ ಉದ್ಯಮಿ'. ಕೋಳಿ ಸಾರು ಮಾಡುವ ಹೆಂಗಸು ಸರ್ಕಾರದ ಬಾಯಲ್ಲಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಕಂಡು ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅದಕ್ಕಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಈ ನಂಬರು ಕೊಟ್ಟವರು ಯಾರು? ಅವರಿಗೇನು ಕೆಲಸ? ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಓದಿದೆ, ಓದುತ್ತಲೇ ಹೋದೆ. ದೆಹಲಿಯಲ್ಲಿ ಒಂದು ಪ್ರಾಧಿಕಾರ. ಇಡೀ ದೇಶದ ತಟ್ಟೆಯ ಮೇಲೆ ಅದರ ಕಣ್ಣು. ಮೆಣಸಿನ ಪುಡಿಯಲ್ಲಿ ತೇವ ಎಷ್ಟಿರಬಹುದು, ಹಾಲಿನಲ್ಲಿ ಕೊಬ್ಬು ಎಷ್ಟಿರಬೇಕು, ಯಾವ ಬಣ್ಣ ಸಲ್ಲದು, ಪ್ಯಾಕೆಟ್ಟಿನ ಮೇಲೆ ಏನೇನು ಬರೆಯಬೇಕು, ಎಲ್ಲಕ್ಕೂ ಅಳತೆ. ಕೊನೆಗೆ ಹುಳ ತಿಂದ ಕಾಳು ಇಷ್ಟಕ್ಕಿಂತ ಹೆಚ್ಚಿರಬಾರದು ಎಂಬುದಕ್ಕೂ ಲೆಕ್ಕ! ಹಾಗಾದರೆ ಸ್ವಲ್ಪ ತಿಂದರೆ ಅಡ್ಡಿಯಿಲ್ಲವೇ? ಇಷ್ಟೇ ತಿನ್ನು, ಇನ್ನು ಸಾಕು ಎಂದು ಆ ಹುಳಕ್ಕೆ ಹೇಳುವವರು ಯಾರು? ಈ ಯೋಚನೆಯಲ್ಲಿ ನನಗೆ ಮಧ್ಯಾಹ್ನದ ನಿದ್ದೆ ಹಾರಿಹೋಯಿತು.

"ಏ ಪ್ರಭಾ, ನಿನ್ನ ಪುಡಿಯ ತೇವದ್ ಬಗ್ಗೆ ದಿಲ್ಲಿಯೊಳ್ಗ್ ಲೆಕ್ಕ ಇತ್ತ್ ಮರಾಯ್ತಿ!"

"ನನ್ನ ಪುಡಿಯೊಳ್ಗ್ ತೇವ ಇಲ್ಲ. ನೀವ್ ನಿಮ್ಮ ಒದ್ದೆ ಕೈ ಡಬ್ಬಿಗ್ ಹಾಕ್ದಿದ್ರೆ ಸಾಕ್."

ಕಲಬೆರಕೆ ಕಂಡುಹಿಡಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನೂ ಅವರು ಹೇಳಿಕೊಟ್ಟಿದ್ದಾರೆ. ನಾನು ಬಿಡುತ್ತೇನೆಯೇ? ಓರೆ ಹಿಡಿದ ತಟ್ಟೆಯ ಮೇಲೆ ಹಾಲಿನ ಹನಿ ಓಡಿಸಿದೆ. ತೆಂಗಿನೆಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ಬಾಗಿಲು ತೆರೆದು ತೆರೆದು ನೋಡಿದೆ. ಗ್ಲಾಸುಗಳಲ್ಲಿ ನೀರು ತುಂಬಿ ಒಂದಕ್ಕೆ ಅರಸಿನ, ಇನ್ನೊಂದಕ್ಕೆ ಮೆಣಸಿನ ಪುಡಿ ಹಾಕಿ ಜಗಲಿಯಲ್ಲಿ ಸಾಲಾಗಿ ಇಟ್ಟೆ. ಅಷ್ಟರಲ್ಲಿ ನಮಗೆ ದಿನಾ ಮೀನು ಕೊಡುವ ಬಾಗಿ ಎಂಬ ಹೆಂಗಸು ಬಿಸಿಲಲ್ಲಿ ಬಂದವಳು, ಬುಟ್ಟಿ ಇಳಿಸಿ, ಕೈಗೆ ಸಿಕ್ಕಿದ ಗ್ಲಾಸನ್ನೆತ್ತಿ ಗಟಗಟನೆ ಕುಡಿದಳು. ಯಾವ ಗ್ಲಾಸು ಎಂದು ನಾನು ಹೇಳಬೇಕಾಗಿಲ್ಲ.

"ಅಯ್ಯಬ್ಯಾ! ಪ್ರಭಕ್ಕಾ, ನಿಮ್ಮ ಬಾವಿಗ್ ಎಂತ ಆಯ್ತ್?"

ಪ್ರಭಾವತಿ ಮಜ್ಜಿಗೆ ಹಿಡಿದು ಓಡಿ ಬಂದಳು. ಬಾಗಿ ಆ ದಿನ ನಮಗೆ ಕೊಡಬೇಕೆಂದಿದ್ದ ಒಳ್ಳೆಯ ಬಂಗುಡೆಗಳನ್ನು ಪಕ್ಕದ ಮನೆಗೆ ಕೊಟ್ಟು ಹೋದಳು. ಪರೀಕ್ಷೆಯ ಫಲಿತಾಂಶವನ್ನು ನಾನು ಗಂಭೀರವಾಗಿ ಘೋಷಿಸಿದೆ: ನಮ್ಮ ಮನೆಯ ಸಕಲ ಪದಾರ್ಥಗಳೂ ಶುದ್ಧ.

"ಅದ್ ನಂಗ್ ಮೊದ್ಲೇ ಗೊತ್ತಿದ್ದಿತ್," ಎಂದಳು ಪ್ರಭಾವತಿ. "ಈಗ ಮೀನಿಲ್ಲ, ಶುದ್ಧ ಅನ್ನ ಉಣ್ಣಿ."

ಹೀಗಿರುವಾಗ ಒಂದು ಮಧ್ಯಾಹ್ನ ಫೋನು ಬಂತು. ಆಹಾರ ಸುರಕ್ಷತೆಯ ಅಧಿಕಾರಿ ಮರುದಿನ ಬೆಳಿಗ್ಗೆ ನಮ್ಮ ಮಸಾಲೆ ಕೋಣೆ ನೋಡಲು ಬರುತ್ತಾರೆ. ಯೋಗೀಶನೂ ಅದನ್ನೇ ಕಾಯುತ್ತಿದ್ದ. ಅವರು ಸರಿ ಅಂದರೆ, ಮುಂದಿನ ವಾರದ ದೊಡ್ಡ ಮದುವೆಗೆ ಪ್ರಭಾವತಿಯ ಪುಡಿ. ಅವಳು ಬೆಂಕಿಯ ಮುಂದೆ ಬೆವರಿಳಿಸಿ ಹುರಿದ ಅಷ್ಟೂ ಪುಡಿ ಅಂದು ತಾನೇ ಮಿಲ್ಲಿನಿಂದ ಬಿಸಿಬಿಸಿಯಾಗಿ ಬಂದಿತ್ತು. ಬಿಸಿ ಇರುವಾಗಲೇ ತುಂಬಿದರೆ ಬೆವರಿ ಗಂಟು ಕಟ್ಟುತ್ತದೆಂದು ಕೋಣೆಯ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಹರವಿಟ್ಟಿದ್ದಳು.

"ಹಟ್ಟಿಯಂಗಡಿ ಗಣಪತಿಗ್ ಒಂದ್ ಕೈ ಮುಗ್ದ್ ಬತ್ತೆ," ಎಂದು ಸೀರೆ ಉಟ್ಟು ಹೊರಟಳು. ಗೇಟಿನವರೆಗೆ ಹೋದವಳು ತಿರುಗಿ ಬಂದಳು. "ಹ್ವಾಯ್, ನೀವ್ ಎಂತದೂ ಮಾಡುದ್ ಬ್ಯಾಡ. ಸುಮ್ನೆ ಕೂಕಣಿ."

ಕೂತೆ. ಆದರೆ 'ಸಾಹೇಬರು ಬರುತ್ತಾರೆ' ಎಂಬ ಮಾತು ಕಿವಿಗೆ ಬಿದ್ದರೆ ಮುಂಬಯಿಯ ಹೋಟೆಲಿನವನ ಮೈ ತಾನಾಗಿ ಎದ್ದು ನಿಲ್ಲುತ್ತದೆ. ಅಲ್ಲಿ ಆ ಸುದ್ದಿ ಬಂದರೆ ಸಾಕು, ಎಲ್ಲರ ತಲೆಗೂ ಟೋಪಿ ಏರುತ್ತಿತ್ತು, ಭಟ್ಟಿಯಿಂದ ಬಾಗಿಲವರೆಗೆ ಫಿನಾಯಿಲ್ ಹರಿಯುತ್ತಿತ್ತು. ಆ ವಾಸನೆ ಬಂದರೆ ಸ್ವಚ್ಛ, ಬಾರದಿದ್ದರೆ ಕೊಳಕು, ಇದು ನಮ್ಮ ವೃತ್ತಿಯ ವೇದವಾಕ್ಯ. ಹೆಂಡತಿ ದೇವರ ಮೇಲೆ ಭಾರ ಹಾಕಿ ಹೋಗಿದ್ದಾಳೆ, ಗಂಡನಾದವನು ನೆಲವನ್ನಾದರೂ ಒರೆಸಬೇಡವೇ?

ಫಿನಾಯಿಲ್ ಬಾಟಲಿಯನ್ನು ಬಗ್ಗಿಸಿದೆ. ಪುಡಿಯ ಮೇಲೆ ಒಂದು ಹನಿಯೂ ಬೀಳದಂತೆ, ಚಾಪೆಯ ಸುತ್ತ ಪ್ರದಕ್ಷಿಣೆ ಬಂದು, ನೆಲವನ್ನೆಲ್ಲ ತಿಕ್ಕಿದೆ. ಜಿರಲೆ ತಲೆ ಹಾಕದಿರಲೆಂದು ಮೂಲೆಮೂಲೆಗೆ ನಾಫ್ತಲೀನಿನ ನುಸಿಗುಳಿಗೆ ಎಸೆದೆ. ಹೆದ್ದಾರಿಯ ಧೂಳು ಬಾರದಿರಲೆಂದು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದೆ. (ಕೊನೆಯದು ನನಗೆ ಬಹಳ ಜಾಣತನದ್ದಾಗಿ ಕಂಡಿತ್ತು.) ಆಮೇಲೆ ಆರಾಮವಾಗಿ ಒಂದು ಚಹಾ ಕುಡಿದೆ.

ಕತ್ತಲಾಗುವ ಹೊತ್ತಿಗೆ ಪ್ರಸಾದ ಹಿಡಿದು ಬಂದ ಪ್ರಭಾವತಿ ಮೆಟ್ಟಿಲ ಮೇಲೆಯೇ ನಿಂತು ಮೂಗರಳಿಸಿದಳು.

"ಆಸ್ಪತ್ರಿ ವಾಸ್ನಿ ಬತ್ತಾ ಇತ್ತಲ್ಲ? ಎಂತ ಮಾಡಿರಿ?"

"ಸ್ವಚ್ಛ ಮಾಡ್ದೆ. ಬಾ, ಕಾಣ್ ಬಾ."

ಅವಳು ಕೋಣೆಯ ಬಾಗಿಲು ತೆಗೆದಳು. ಒಂದು ಚಿಟಿಕೆ ಪುಡಿ ಎತ್ತಿ ಮೂಸಿದಳು. ನನ್ನ ಮೂಗಿಗೂ ಹಿಡಿದಳು. ಹುರಿದ ಕೊತ್ತಂಬರಿಯ ಘಮ ಎಲ್ಲೋ ಓಡಿಹೋಗಿತ್ತು. ಮೂಗಿಗೆ ಬಂದದ್ದು ಸರ್ಕಾರಿ ಬಸ್ ನಿಲ್ದಾಣದ ಶೌಚಾಲಯ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಪುಡಿಯ ಪಕ್ಕದಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಿಜವಾಗಿಯೂ ಬಹಳ ಬೇಜಾರಾಯಿತು. ಅವಳ ಬೈಗುಳವಿಲ್ಲದ ಮನೆ ನನಗೆ ಗೊತ್ತೇ ಇರಲಿಲ್ಲ.

"ಒಂದ್ ಉಪಾಯ ಇತ್ತ್," ಎಂದೆ ಮೆಲ್ಲಗೆ. "ಬೆಳ್ಳುಳ್ಳಿ ಜಾಸ್ತಿ ಹುರ್ದ್ ಬೆರ್ಸುವ. ವಾಸ್ನಿ ಮುಚ್ಚಿ ಹೋತ್ತ್. ಸಾಹೇಬ್ರಿಗ್ ನಿನ್ನ ಹಳೇ ಡಬ್ಬಿ ಪುಡಿ ತೋರ್ಸುವ. ಯಾರಿಗ್ ಗೊತ್ತಾತ್ತ್?"

ಅವಳು ತಲೆಯೆತ್ತಿದಳು. "ತಿಂಗ್ಳಿಂದ ದಿಲ್ಲಿ, ಕಲಬೆರಕೆ ಅಂದೇಳಿ ನನ್ನ ತಲೆ ತಿಂದವ್ರ್ ನೀವೇ ಅಲ್ದಾ? ಮದುವಿ ಮನಿಯೊಳ್ಗ್ ಮಕ್ಕಳ್ ಮರಿ ಉಣ್ತೊ. ಅವ್ರ ಹೊಟ್ಟಿಗ್ ಫಿನಾಯಿಲ್ ಹಾಕುದಾ?"

ಅವಳು ಅಷ್ಟೂ ಪುಡಿಯನ್ನು ಗಂಟು ಕಟ್ಟಿ ಹೊರಗಿನ ಕೊಟ್ಟಿಗೆಯಲ್ಲಿಟ್ಟು, ಯೋಗೀಶನಿಗೆ ಫೋನು ಮಾಡಿ, ಈ ಮದುವೆಗೆ ಪುಡಿ ಇಲ್ಲ ಎಂದುಬಿಟ್ಟಳು.

ಬೆಳಿಗ್ಗೆ ಬಂದ 'ಸಾಹೇಬರು' ನಮ್ಮ ಚಂದನಾಳಷ್ಟೇ ವಯಸ್ಸಿನ ಹುಡುಗಿ. ಹೆಸರು ಶ್ರೀಲತಾ. ನಾನು ಹಳೆಯ ಅಭ್ಯಾಸದಂತೆ ತಲೆಗೆ ಟೋಪಿ ಹಾಕಿ, ಸ್ಪೆಷಲ್ ಚಹಾ ಹಿಡಿದು, ನಡು ಬಗ್ಗಿಸಿ ನಿಂತೆ. ಅವರು ಚಹಾ ಬೇಡವೆಂದು ಬಾವಿ ನೋಡಿದರು, ಜರಡಿ ನೋಡಿದರು, ಹುರಿಯುವ ಬಾಣಲೆ ನೋಡಿದರು, ಮಸಾಲೆ ಕೋಣೆಗೆ ಕಾಲಿಟ್ಟು ಸೀನಿದರು. ಪ್ರಭಾವತಿ ನಡೆದದ್ದನ್ನೆಲ್ಲ ಹೇಳಿ ಕೊಟ್ಟಿಗೆಯ ಗಂಟನ್ನೂ ತೋರಿಸಿದಳು.

"ಅಕ್ಕಾ, ನೀವಾಗಿಯೇ ಪುಡಿಯನ್ನು ಬದಿಗೆ ಇಟ್ಟಿರಲ್ಲ, ಅದೇ ದೊಡ್ಡದು," ಎಂದರು ಶ್ರೀಲತಾ. "ಅಣ್ಣಾ, ನಾವು ಬರುವುದು ನೆಲ ಮೂಸಲಿಕ್ಕಲ್ಲ. ಕೋಣೆಗೆ ಗಾಳಿಯಾಡಲಿ, ಹೊಸ ಪುಡಿ ಮಾಡಿ. ನಾನೇ ಬಂದು ಸ್ಯಾಂಪಲ್ ತೆಗೆದುಕೊಂಡು ಹೋಗ್ತೇನೆ."

ನನ್ನ ಕುತೂಹಲ ಅಂಥ ಹೊತ್ತಿನಲ್ಲೂ ಸುಮ್ಮನಿರಲಿಲ್ಲ. "ಮೇಡಂ, ಲ್ಯಾಬಿನವರು ಅದನ್ನು ಸಾರು ಮಾಡಿ ನೋಡ್ತಾರಾ?"

"ಇಲ್ಲ ಅಣ್ಣ, ಸುಟ್ಟು ನೋಡುವುದೂ ಇದೆ. ಮಣ್ಣೋ ಇಟ್ಟಿಗೆ ಪುಡಿಯೋ ಸೇರಿದ್ದರೆ ಬೂದಿ ಜಾಸ್ತಿ ಉಳಿಯುತ್ತದೆ."

"ನಿನ್ನೆಯಿಂದ ನನ್ನ ಹೊಟ್ಟಿ ಉರಿತಾ ಇತ್ತ್ ಮೇಡಂ," ಎಂದಳು ಪ್ರಭಾವತಿ, "ಅದ್ರ ಬೂದಿಯೂ ತಕಂಡ್ ಹೋಯ್ನಿ." ಅವಳ ನಾಲಿಗೆ ಮರಳಿ ಬಂದದ್ದು ಕೇಳಿ ನನಗೆ ಹೋದ ಜೀವ ಬಂತು.

ಹೊಸ ಪುಡಿ ಆಯಿತು. (ಹುರಿಯುವಾಗ ನಾನು ಗೇಟಿನ ಹೊರಗಿದ್ದೆ.) ಸ್ಯಾಂಪಲ್ ಹೋಗಿ, ಎಲ್ಲ ಸರಿಯಿದೆ ಎಂಬ ವರದಿಯೂ ಬಂತು. ಯೋಗೀಶ್ ಇನ್ನೊಂದು ಮದುವೆಗೆಂದು ಅಷ್ಟನ್ನೂ ಹೊತ್ತುಕೊಂಡು ಹೋದ. ಅದರ ಬೆನ್ನಿಗೇ ಶ್ರೀಲತಾ ಮೇಡಂ ಫೋನು ಮಾಡಿದರು. ಕುಂದಾಪುರದಲ್ಲಿ ಉಪ್ಪಿನಕಾಯಿ, ಹಪ್ಪಳ, ಪುಡಿ ಮಾಡುವವರಿಗೆಲ್ಲ ಒಂದು ತರಬೇತಿಯಂತೆ.

"ಭೋಜರಾಜಣ್ಣನನ್ನು ಖಂಡಿತ ಕರ್ಕೊಂಡು ಬನ್ನಿ ಅಕ್ಕ. ಅವರಿದ್ದರೆ ಎಲ್ಲರಿಗೂ ಬೇಗ ಅರ್ಥವಾಗುತ್ತದೆ."

ಕೊನೆಗೂ ನನ್ನ ಓದಿಗೆ ಬೆಲೆ ಬಂತು! ಇಸ್ತ್ರಿ ಮಾಡಿದ ಅಂಗಿ ತೊಟ್ಟೆ. 'ರಾಷ್ಟ್ರದ ತಟ್ಟೆ ಮತ್ತು ನಾವು' ಎಂಬ ಭಾಷಣವನ್ನು ತೆಂಗಿನ ಮರಗಳ ಮುಂದೆ ಗಟ್ಟಿಯಾಗಿ ಅಭ್ಯಾಸ ಮಾಡಿ, ಹೋಗಿ ಮೊದಲ ಸಾಲಿನಲ್ಲಿ ಕುಳಿತೆ. ಸಭಾಂಗಣದ ತುಂಬ ಹೆಂಗಸರು.

"ಆಹಾರಕ್ಕೆ ಬರುವ ಅಪಾಯಗಳಲ್ಲಿ ಕೆಲವು ಕಣ್ಣಿಗೆ ಕಾಣುತ್ತವೆ, ಕೂದಲು, ಕಲ್ಲು, ಬಳೆ ಚೂರು," ಎಂದು ಶುರು ಮಾಡಿದರು ಶ್ರೀಲತಾ. "ಕೆಲವು ಕಾಣುವುದಿಲ್ಲ, ರೋಗಾಣುಗಳು. ಇನ್ನು ಕೆಲವು ರಾಸಾಯನಿಕ. ಅವು ಮನೆಯೊಳಗೆ ಹೇಗೆ ಬರುತ್ತವೆ ಎಂದು ತೋರಿಸಲಿಕ್ಕೆ ಇವತ್ತು ತೆಕ್ಕಟ್ಟೆಯಿಂದ ಭೋಜರಾಜಣ್ಣ ಬಂದಿದ್ದಾರೆ. ಅಣ್ಣಾ, ಸ್ವಲ್ಪ ಎದ್ದು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿ."

ನಾನು ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರು ಫಿನಾಯಿಲಿನ ಕಥೆಯನ್ನು ಹೇಳಿ, ಇಂಥದ್ದನ್ನೆಲ್ಲ ಆಹಾರದಿಂದ ದೂರ ಇಡಬೇಕು ಎಂದು ಮುಗಿಸಿದ್ದರು. ಸಭೆಯ ನಗು ನಿಲ್ಲುವ ಮೊದಲೇ ಹಿಂದಿನ ಸಾಲಿನ ಹಪ್ಪಳದ ಹೆಂಗಸೊಬ್ಬಳು ನನ್ನತ್ತ ಕೈ ತೋರಿಸಿ ಕೇಳಿದಳು:

"ಮೇಡಂ, ಇಂಥದ್ದೊಂದ್ ನಮ್ಮನಿಯೊಳ್ಗೂ ಇತ್ತ್. ಎಲ್ಲಿ ಇಡುದ್?"