ಸೆರಗಿನ ಮೇಲೆ ನನ್ನ ಮುಖ

ಬಟ್ಟೆಗೆ ಮೇಕಪ್ಪಿನ ಕಲೆ ತಾಗಿತು ಎಂದ ಕೂಡಲೇ ಕೇಳುವವರ ಕಿವಿ ನೆಟ್ಟಗಾಗುತ್ತದೆ. ಯಾರ ಅಂಗಿ, ಯಾರ ತುಟಿ ಎಂದು ತಿಳಿಯುವ ಆತುರ. ಅಂಥವರಿಗೆ ಮೊದಲೇ ಹೇಳಿಬಿಡುತ್ತೇನೆ: ನನ್ನ ಪ್ರಕರಣದಲ್ಲಿ ಸೀರೆ ಹೆಂಡತಿಯದು, ತುಟಿಯ ಬಣ್ಣ ನನ್ನದು. ಇಷ್ಟು ಹೇಳಿದರೆ ಕೆಲವರ ಆಸಕ್ತಿ ಅಲ್ಲಿಗೇ ಇಳಿಯುತ್ತದೆ, ಕೆಲವರದು ಇನ್ನೂ ಏರುತ್ತದೆ. ಈ ಎರಡನೆಯ ಗುಂಪಿನವರು ತಮಗೆ ತೋಚಿದ ಹಾಗೆ ಕತೆ ಕಟ್ಟುವ ಮೊದಲು ನಾನೇ ಎಲ್ಲವನ್ನೂ ಬರೆದುಬಿಡುವುದು ಕ್ಷೇಮ.

ನಾನು ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ಪುಸ್ತಕ ಕೊಡುತ್ತಾ, ವಾಪಸು ತೆಗೆದುಕೊಳ್ಳುತ್ತಾ ಬಂದವನು. ವರ್ಷಕ್ಕೊಮ್ಮೆ, ವಾರ್ಷಿಕೋತ್ಸವದ ಮಧ್ಯಾಹ್ನ, ನಾವು ಸಿಬ್ಬಂದಿಯೆಲ್ಲ ಸೇರಿ ಎರಡು ಗಂಟೆಯ ಯಕ್ಷಗಾನ ಆಡುವುದುಂಟು. ನನ್ನದು ಯಾವಾಗಲೂ ದೂತನ ಪಾತ್ರ. ಬಂದು ಕೈಮುಗಿದು, ಶತ್ರುಗಳು ಬಂದರು ಎಂದು ಹೇಳಿ ಹೋದರೆ ಮುಗಿಯಿತು. ಈ ವರ್ಷ ರಾಣಿಯಾಗಬೇಕಿದ್ದ ಲ್ಯಾಬಿನ ಹುಡುಗನಿಗೆ ಮದುವೆ ನಿಶ್ಚಯವಾಗಿ, ಹುಡುಗಿ ಮೆಚ್ಚಿದ ಮೀಸೆಯನ್ನು ಬೋಳಿಸುವುದಿಲ್ಲ ಎಂದು ಹಟ ಹಿಡಿದ. ಎಲ್ಲರೂ ನನ್ನ ಮುಖ ನೋಡಿದರು. "ನಿಮ್ಮ ಮೀಸೆ ಇದ್ದರೂ ಇಲ್ಲದಿದ್ದರೂ ಒಂದೇ ಅಲ್ವಾ?" ಎಂದರು ಪ್ರಾಂಶುಪಾಲರು. ಮೂವತ್ತು ವರ್ಷ ಸಾಕಿದ ಮೀಸೆಗೆ ಸಿಕ್ಕಿದ ಮರ್ಯಾದೆ ಇಷ್ಟು. ಮರುದಿನವೇ ತೆಗೆಸಿಬಿಟ್ಟೆ.

ನಮ್ಮಂಥ ಹವ್ಯಾಸಿಗಳಿಗೆ ಕಿರೀಟ, ಆಭರಣ, ಬಣ್ಣ ಎಲ್ಲವೂ ಬಾಡಿಗೆಗೆ ಬರುತ್ತವೆ. ಸ್ತ್ರೀವೇಷದವರು ಸೀರೆ ಮಾತ್ರ ಮನೆಯಿಂದ ತರಬೇಕು. ನನ್ನ ಹೆಂಡತಿ ಸುಮತಿ ಆ ವಾರ ಬಜಗೋಳಿಗೆ ಹೊರಟಿದ್ದಳು. ಅಲ್ಲಿ ಅವಳ ಅಣ್ಣ ಶೇಖರ ಭಾವನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಭಾನುವಾರಕ್ಕೆ. ಹೊರಡುವಾಗ ಕಪಾಟು ತೆರೆದು ತೋರಿಸಿದಳು. "ಕೆಳಗೆ ಹಳೆ ನೀಲಿ ಸೀರೆ ಉಂಟು, ನಿಮ್ಮ ಆಟಕ್ಕೆ ಅದು ಸಾಕು. ಮೇಲಿರುವ ಕೆನೆ ಬಣ್ಣದ ರೇಷ್ಮೆ ಸೀರೆಗೆ ಕೈ ಹಾಕಬೇಡಿ. ಅಣ್ಣ ದುಬೈಯಿಂದ ಮೊದಲ ರಜೆಗೆ ಬಂದಾಗ ತೆಗೆದುಕೊಟ್ಟದ್ದು. ಒಕ್ಕಲಿಗೆ ಅದನ್ನೇ ಉಡ್ತೇನೆ ಅಂತ ಅವನಿಗೆ ಹೇಳಿ ಆಗಿದೆ. ಈಗಲೇ ಕೊಂಡುಹೋದರೆ ಹೊಸ ಮನೆಯ ಪೇಂಟು ಗೀಂಟು ತಾಗ್ತದೆ. ಇಲ್ಲಿ ನಿಮ್ಮ ಹತ್ತಿರ ಜಾಗ್ರತೆಯಾಗಿ ಇರ್ತದೆ. ಶನಿವಾರ ಬರುವಾಗ ತನ್ನಿ."

ನಾನು ನೀಲಿ ಸೀರೆಯನ್ನೇ ತೆಗೆದುಕೊಂಡೆ ಎಂದು ಹೇಳುವ ಆಸೆ ನನಗೂ ಉಂಟು. ಆದರೆ ಅದನ್ನು ಹೊದ್ದು ಕನ್ನಡಿಯ ಮುಂದೆ ನಿಂತರೆ ನಾನು ರಾಣಿಯಂತೆ ಕಾಣಲಿಲ್ಲ, ರಾಣಿಯ ಬಾಣಂತನಕ್ಕೆ ಬಂದ ಹೆಂಗಸಿನಂತೆ ಕಂಡೆ. ಕೆನೆ ಬಣ್ಣದ್ದನ್ನು ಸುಮ್ಮನೆ ಒಮ್ಮೆ ಹೆಗಲಿಗೆ ಹಾಕಿ ನೋಡೋಣ ಎಂದುಕೊಂಡೆ. ಹಾಕಿ ನೋಡಿದ ಮೇಲೆ ತೆಗೆಯಲು ಮನಸ್ಸಾಗಲಿಲ್ಲ. ಗಂಡಸರಿಗೆ ಸೀರೆಯ ಹುಚ್ಚು ಇಲ್ಲ ಎನ್ನುವವರು ಸ್ತ್ರೀವೇಷ ಹಾಕಿ ನೋಡಿದವರಲ್ಲ.

ಬುಧವಾರ ಮಧ್ಯಾಹ್ನ ಬಣ್ಣದ ದೇಜಪ್ಪಣ್ಣ ನನ್ನ ಮುಖಕ್ಕೆ ತೆಂಗಿನೆಣ್ಣೆಯಲ್ಲಿ ಕಲಸಿದ ಬಣ್ಣ ಮೆತ್ತಿ, ಹುಬ್ಬು ತಿದ್ದಿ, ತುಟಿ ಕೆಂಪು ಮಾಡಿ ರಂಗಕ್ಕೆ ಬಿಟ್ಟರು. ಇಲ್ಲಿ ನನ್ನ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ನಮ್ಮ ಕಡೆಯ ಸೆಕೆಗೆ ಮನೆಯಲ್ಲಿರುವಷ್ಟು ಹೊತ್ತೂ ನನ್ನ ಎಡಹೆಗಲ ಮೇಲೆ ಬೈರಾಸು ಇರುತ್ತದೆ. ತೆಳ್ಳಗಿನ ಆ ಹತ್ತಿಯ ಟವೆಲು ಇಲ್ಲದಿದ್ದರೆ ನನಗೆ ಊಟವೂ ಸೇರುವುದಿಲ್ಲ. ಬೆವರಿದರೆ ಸಾಕು, ಕೈ ತಾನಾಗಿ ಹೆಗಲಿಗೆ ಹೋಗುತ್ತದೆ. ಅವತ್ತು ರಾಜನಾಗಿದ್ದವರು ನಮ್ಮ ವ್ಯಾಯಾಮ ಶಿಕ್ಷಕರು. ಮಾತು ಶುರು ಮಾಡಿದರೆ ನಿಲ್ಲಿಸುವವರಲ್ಲ. ಅವರು ರಾಜಧರ್ಮ ವಿವರಿಸುತ್ತಾ ಇದ್ದರು, ನನ್ನ ಕಣ್ಣಿಗೆ ಬೆವರು ಇಳಿಯಿತು, ಕೈ ಎಡಹೆಗಲಿಗೆ ಹೋಯಿತು. ಅಲ್ಲಿ ಬಟ್ಟೆ ಇತ್ತು. ತೆಗೆದು ಹಣೆಯಿಂದ ಗಲ್ಲದವರೆಗೆ ನೀಟಾಗಿ ಒರೆಸಿದೆ. ಕುತ್ತಿಗೆಯನ್ನೂ ಬಿಡಲಿಲ್ಲ.

ಮುಂದಿನ ಪದ ಹಾಡಲು ಕಾದಿದ್ದ ಭಾಗವತರ ತಾಳ ಕೈಯಲ್ಲೇ ನಿಂತಿತು. ರಾಜರು ರಾಜಧರ್ಮ ಮರೆತು, "ಎಂತ ಮಾರಾಯ್ರೆ ಇದು?" ಎಂದು ಮೈಕಿನಲ್ಲೇ ಕೇಳಿದರು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅದು ನನ್ನ ಅಭಿನಯಕ್ಕೆ ಎಂದು ನಾನು ಒಂದು ಕ್ಷಣ ಹಿಗ್ಗಿದ್ದೂ ಹೌದು. ಕೆಳಗೆ ನೋಡಿದರೆ ಸುಮತಿಯ ಸೆರಗಿನ ಮೇಲೆ ಎರಡು ಹುಬ್ಬು, ಒಂದು ತಿಲಕ, ಒಂದು ಕೆಂಪು ತುಟಿ, ಎಲ್ಲವೂ ಇರಬೇಕಾದ ಜಾಗದಲ್ಲೇ ಇದ್ದವು.

ಆಟ ಮುಗಿದು ಬಣ್ಣ ಹಚ್ಚುವ ಕೋಣೆಗೆ, ಅಂದರೆ ಚೌಕಿಗೆ, ಬಂದಾಗ ದೇಜಪ್ಪಣ್ಣ ಅಂಗೈ ತುಂಬ ತೆಂಗಿನೆಣ್ಣೆ ಸುರಿದು ನನ್ನ ಮುಖದಲ್ಲಿ ಉಳಿದ ಬಣ್ಣವನ್ನು ಐದು ನಿಮಿಷದಲ್ಲಿ ತೆಗೆದರು. ನನಗೆ ಅಲ್ಲೇ ಜ್ಞಾನೋದಯವಾಯಿತು. ಮುಖದಿಂದ ಬಣ್ಣ ತೆಗೆಯುವ ಎಣ್ಣೆ ಸೀರೆಯಿಂದ ತೆಗೆಯದೇ? ಬನ್ನಂಜೆಯ ನಮ್ಮ ಮನೆಗೆ ಬಂದವನೇ ಸೆರಗಿನ ಮೇಲೆ ಎಣ್ಣೆ ಸುರಿದು ಉಜ್ಜಿದೆ. ಬಣ್ಣ ಸಡಿಲಾಯಿತು, ಸುಳ್ಳು ಹೇಳಬಾರದು. ಸಡಿಲಾದದ್ದು ಎಲ್ಲಿಗೂ ಹೋಗಲಿಲ್ಲ ಅಷ್ಟೆ. ಹುಬ್ಬು ಕೆನ್ನೆಗಿಳಿಯಿತು, ತುಟಿ ಅಗಲವಾಯಿತು, ಎಲ್ಲದರ ಸುತ್ತ ಊಟದ ಬಟ್ಟಲಿನಷ್ಟು ದೊಡ್ಡ ಎಣ್ಣೆಯ ಕಲೆ. ಅಷ್ಟರಲ್ಲಿ ಸುಮತಿಯ ಫೋನು ಬಂತು.

"ಆಟ ಹೇಗಾಯಿತು?"

"ಚಪ್ಪಾಳೆ ಬಂತು."

"ನನ್ನ ಕೆನೆ ಬಣ್ಣದ ಸೀರೆ ಉಂಟಲ್ಲ?"

"ಉಂಟು."

ಸೀರೆ ಉಂಟಾದ್ದರಿಂದ ಇದನ್ನು ಸುಳ್ಳು ಎನ್ನಲಾಗದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳ ಹಿಂದೆ ಯಾರೋ ಏಳೆಂಟು ಮಂದಿ ನಗುತ್ತಿದ್ದರು. ಒಕ್ಕಲಿನ ಮನೆಯಲ್ಲಿ ನಗು ಇರಬೇಕಾದದ್ದೇ.

ಗುರುವಾರ ಇಸ್ತ್ರಿ ಅಂಗಡಿಯವನಿಗೆ ತೋರಿಸಿದೆ. ಅವನು ಸೀರೆಯನ್ನು ಮುಟ್ಟಲೇ ಇಲ್ಲ. "ಇದಕ್ಕೆ ಬಿಸಿ ತಾಗಿಸಿದರೆ ಕಲೆ ಜನ್ಮಕ್ಕೆ ಹೋಗ್ಲಿಕ್ಕಿಲ್ಲ" ಎಂದ. ಲೈಬ್ರರಿಯಲ್ಲಿ ನನ್ನೊಂದಿಗೆ ಕೆಲಸ ಮಾಡುವ ಶ್ವೇತಾ ಮೇಡಂ ಮುಖ ಒರೆಸುವ ಒದ್ದೆ ಕಾಗದದ ಪೊಟ್ಟಣ ಕೊಟ್ಟರು. ಅದರಿಂದ ಸೀರೆಗೆ ಗುಲಾಬಿಯ ಪರಿಮಳ ಬಂತು, ಕಲೆ ಅಲ್ಲೇ ಇತ್ತು. ಆ ಸಂಜೆಯೂ ಸುಮತಿ ಕೇಳಿದಳು, ಸೀರೆ ಉಂಟಲ್ಲ ಎಂದು. ಉಂಟು ಎಂದೆ. ಅಣ್ಣ ಮೊದಲ ಬಾರಿ ಕೊಡಿಸಿದ ಸೀರೆ, ಅವಳು ಅದನ್ನು ಉಟ್ಟದ್ದಕ್ಕಿಂತ ಮಡಿಚಿಟ್ಟದ್ದೇ ಹೆಚ್ಚು. ನನಗೆ ನಿಜವಾಗಿ ಹೆದರಿಕೆಯಾಯಿತು.

ಶುಕ್ರವಾರ ರಜೆ ಹಾಕಿ ಅಂಗಳದ ತಂತಿಯ ಮೇಲಿದ್ದ ಸೀರೆಯನ್ನು ನೋಡುತ್ತಾ ಕುಳಿತಿದ್ದಾಗ, ಕಾಪುವಿನಿಂದ ಮೀನು ತರುವ ಗಿರಿಜಕ್ಕ ಬಂದರು. ಬುಟ್ಟಿ ಇಳಿಸಿ ಸೆರಗನ್ನೇ ದಿಟ್ಟಿಸಿದರು.

"ಇದ್ಯಾರ ಮುಖ?"

"ನನ್ನದೇ."

"ಹೌದಾ? ಚೆಂದ ಉಂಟು" ಎಂದು ಹೇಳಿ, ಹತ್ತಿರ ಬಂದು ಮೂಸಿದರು. "ಎಣ್ಣೆ ಯಾರು ಹಾಕಿದ್ದು?"

"ಅದೂ ನಾನೇ."

"ಮೂವತ್ತು ವರ್ಷದಿಂದ ಬೂತಾಯಿ ಮೀನಿನ ಎಣ್ಣೆ ನನ್ನ ಸೀರೆಯಿಂದ ತೆಗೀತಾ ಇದ್ದೇನೆ, ನನ್ನ ಹತ್ತಿರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ? ಹೆಂಡತಿಯ ಪೌಡರ್ ಡಬ್ಬಿ ತನ್ನಿ."

ಮೇಕಪ್ಪಿನ ಕಲೆಗೆ ಮೇಕಪ್ಪೇ ಮದ್ದು ಎಂದು ನನಗೆ ತಿಳಿದದ್ದು ಹೀಗೆ. ಕಲೆಯ ಮೇಲೆ ಪೌಡರನ್ನು ದಪ್ಪಗೆ ಹರಡಿ, ಅದು ಎಣ್ಣೆ ಕುಡಿಯುವ ತನಕ ಬಿಟ್ಟು, ಮೆತ್ತಗಿನ ಬ್ರಷ್ಷಿನಿಂದ ಉದುರಿಸಬೇಕು. ಆಮೇಲೆ ಅಂಟುವಾಳದ ನೊರೆಯನ್ನು ಸೆರಗಿನ ಹಿಂಬದಿಯಿಂದ ಬೆರಳಲ್ಲಿ ತಟ್ಟಬೇಕು, ಉಜ್ಜಬಾರದು. ತಣ್ಣೀರು, ನೆರಳು, ಹಿಂಡುವಂತಿಲ್ಲ. ಮೊದಲ ಸಲ ಗಿರಿಜಕ್ಕ ಮೆಟ್ಟಿಲಲ್ಲಿ ಕುಳಿತು, ಒಂದು ಕೈಯಲ್ಲಿ ಬೆಕ್ಕನ್ನು ಓಡಿಸುತ್ತಾ ನನ್ನಿಂದ ಪೌಡರ್ ಹಾಕಿಸಿದರು. "ತಟ್ಟುವುದು ಅಂದರೆ ತಟ್ಟುವುದು. ಚಪಾತಿ ಅಲ್ಲ" ಎಂದು ಬೈದು ಹೋದರು. ಶನಿವಾರ ಬೆಳಿಗ್ಗೆಯೊಳಗೆ ಮೂರು ಸಲ ಮಾಡಿದೆ. ಡಬ್ಬಿ ಖಾಲಿಯಾಯಿತು. ಹುಬ್ಬು, ತಿಲಕ, ಕೆನ್ನೆ, ಎಣ್ಣೆ ಎಲ್ಲವೂ ಹೋದವು. ಕಿರುಬೆರಳಿನ ಉಗುರಿನಷ್ಟು ತಿಳಿಗೆಂಪು ಮಾತ್ರ ಉಳಿಯಿತು, ತುಟಿ ಇದ್ದ ಜಾಗದಲ್ಲಿ.

ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕಾರ್ಕಳದಲ್ಲಿ ಬಸ್ಸು ಬದಲಿಸಿ ಬಜಗೋಳಿಗೆ ಹೋದೆ. ಸುಮತಿ ಪೊಟ್ಟಣ ಬಿಚ್ಚಿದವಳೇ ನೇರ ಸೆರಗಿಗೆ ಕೈ ಹಾಕಿ, ಹುಡುಕದೆಯೇ ಆ ಜಾಗಕ್ಕೆ ಬೆರಳಿಟ್ಟಳು.

"ತುಟಿ ಮಾತ್ರ ಉಳಿದದ್ದಾ?"

ಕಾಲೇಜಿನವರು ಆಟವನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡಿದ್ದರಂತೆ. ಭಾವ ಅದನ್ನು ಹೊಸ ಮನೆಯ ಹೊಸ ಟಿವಿಗೆ ಹಾಕಿದ್ದರಂತೆ. ಬುಧವಾರ ಫೋನಿನಲ್ಲಿ ನಾನು ಕೇಳಿದ ನಗು ಯಾವುದು ಎಂದು ಆಗ ಗೊತ್ತಾಯಿತು.

"ಸೀರೆ ಹಾಳಾದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ" ಎಂದಳು ಸುಮತಿ. "ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ದಿನಾ ಫೋನ್ ಮಾಡಿದೆ. ನೀವು ಉಂಟು ಉಂಟು ಅಂತ ಹೇಳಿದಿರಲ್ಲ, ಅದಕ್ಕೆ ಬೇಜಾರು."

ನನಗೆ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಎಂದೆ. ಅವಳು ಸೀರೆ ಮಡಿಚಿಕೊಂಡು ಒಳಗೆ ಹೋದಳು. ಮರುದಿನ ಅದೇ ಸೀರೆ ಉಟ್ಟು ಬಂದಳು. ಆ ತಿಳಿಗೆಂಪನ್ನು ಹೆಗಲ ಮಡಿಕೆಯೊಳಗೆ ಸೇರಿಸಿ ಪಿನ್ನು ಚುಚ್ಚಿದ್ದಳು. ಅವಳ ಹೆಗಲ ಮೇಲೆ ಅದು ಚೆಂದವಾಗಿ ಕಾಣುತ್ತಿತ್ತು, ನನ್ನ ಹೆಗಲಿಗಿಂತ ಬಹಳ ಚೆಂದ.

ಒಕ್ಕಲಿನ ಊಟದ ನಂತರ ತಂಗಿಗೆ ಸೀರೆ, ಅವಳ ಗಂಡನಿಗೆ ಪಂಚೆ, ಶಾಲು ಉಡುಗೊರೆ ಕೊಡುವ ಪದ್ಧತಿ. ಸುಮತಿಯ ಕೈಗೊಂದು ಪೊಟ್ಟಣ ಬಂತು, ನನ್ನ ಕೈಗೊಂದು. ಎಲ್ಲರೂ ಊಟದ ಕೈ ಒರೆಸಿಕೊಳ್ಳುವುದನ್ನೂ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಬಿಚ್ಚಿದರೆ ಮೇಲೆ ಒಂದು ಬೈರಾಸು. ಅದರ ಕೆಳಗೆ ಕಡು ಮೆರೂನ್ ಬಣ್ಣದ ಸೀರೆ, ಜರಿಯಂಚಿನದು.

"ಭಾವ, ಬೈರಾಸು ಮುಖಕ್ಕೆ, ಸೀರೆ ಮೈಗೆ" ಎಂದರು ಶೇಖರ ಭಾವ. "ಮರೆತುಹೋದರೂ ಅಡ್ಡಿಯಿಲ್ಲ. ಈ ಬಣ್ಣದಲ್ಲಿ ಕಲೆ ಗೊತ್ತಾಗ್ಲಿಕ್ಕಿಲ್ಲ."

ಬಜಗೋಳಿಯ ಅಷ್ಟೂ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸುಮತಿ. ಆ ನಗು ಕೇಳಿ ಬುಧವಾರದಿಂದ ಹಿಡಿದಿಟ್ಟ ಉಸಿರು ಬಿಟ್ಟೆ. ಕೂಡಲೇ ಎಲ್ಲರಿಗೂ ಕೇಳುವಂತೆ, ಈ ಸೀರೆ ಸುಮತಿಗೇ, ನನಗೆ ಬೈರಾಸು ಸಾಕು ಎಂದು ಘೋಷಿಸಿದೆ.

ಇದಾಗಿ ಎರಡು ವಾರ ಕಳೆಯಿತು. ಮನೆಗೆ ಬಂದ ದಿನವೇ ಸೀರೆಯನ್ನು ಅವಳಿಗೆ ಕೊಡಬೇಕಿತ್ತು. ಕೊಡುವ ಮೊದಲು ಸುಮ್ಮನೆ ಒಮ್ಮೆ ಹೆಗಲಿಗೆ ಹಾಕಿ ಕನ್ನಡಿಯಲ್ಲಿ ನೋಡಿದ್ದೇ ತಪ್ಪಾಯಿತು. ಮೆರೂನ್ ನನ್ನ ಬಣ್ಣಕ್ಕೆ ಹೇಳಿ ಮಾಡಿಸಿದ ಹಾಗೆ ಉಂಟು. ಸುಮತಿ ಎರಡು ಸಲ ಕೇಳಿದ್ದಾಳೆ, ಆ ಸೀರೆ ಉಂಟಲ್ಲ ಎಂದು. ಉಂಟು ಎಂದಿದ್ದೇನೆ. ಮತ್ತೆ ಮೀಸೆ ಬಿಡುವ ವಿಚಾರವನ್ನೂ ಸದ್ಯಕ್ಕೆ ಮುಂದೆ ಹಾಕಿದ್ದೇನೆ.