ಕಟಿಂಗ್ ಮಾಸ್ತರನ ನಿದ್ದೆ

ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ತರನಾಗಿದ್ದ ಪಕ್ಕೀರಪ್ಪ ಆ ದಿನ ಒಂದಿಡೀ ಅಟ್ಟಿ ಬಟ್ಟೆಯನ್ನು ಕತ್ತರಿಸಿ ಮುಗಿಸಿದ ಮೇಲೆ ಗೊತ್ತಾಯಿತು, ಅದರಲ್ಲಿ ಬಲಗಾಲೇ ಇರಲಿಲ್ಲ. ಹೊಲಿದರೆ ಪ್ರತಿ ಪ್ಯಾಂಟಿಗೂ ಎರಡೂ ಎಡಗಾಲು.

ಹಬ್ಬದ ಆರ್ಡರು ಬಂದಾಗಿನಿಂದ ಪಾಪ, ಅವನು ರಜೆಯ ಮುಖ ಕಂಡಿರಲಿಲ್ಲ. ಹಿಂದಿನ ರಾತ್ರಿ ಊಟಕ್ಕೆ ಕೂತವನು ತಟ್ಟೆಯಲ್ಲಿದ್ದ ರೊಟ್ಟಿಯ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯಲು ಹೋಗಿದ್ದ. ಈಗ ಎಡಗಾಲಿನ ಸುದ್ದಿ ಕೇಳಿದ್ದೇ ಹೆಂಡತಿ ಜಯಶ್ರೀ ಅವನನ್ನು ಡಾಕ್ಟರ ಬಳಿ ಎಳೆದುಕೊಂಡು ಹೋದಳು.

"ಬಿಪಿ, ಶುಗರು ಎಲ್ಲಾ ಸರಿ ಅದಾವ," ಎಂದರು ಡಾಕ್ಟರು. "ಮನಸ್ಸು ಸವದೈತಿ. ಬರ್ನ್‌ಔಟ್ ಅಂತಾರ ಇದಕ್ಕ. ಮಾತ್ರಿ ಬ್ಯಾಡ, ನಿದ್ದಿ ಬೇಕು."

ಮಾಲೀಕ ಕೊಟ್ರಬಸಪ್ಪ ಗೊಣಗುತ್ತಲೇ ಒಪ್ಪಿದ. "ನಾಳೆ ಒಂದಿನ ರಜಾ ತಗೋ. ಕಣ್ತುಂಬ ನಿದ್ದಿ ಮಾಡು. ನಾಡಿದ್ದೂ ಹಿಂಗ ಕತ್ತರಿಸಿದಿ ಅಂದ್ರ ಬ್ಯಾರೆ ಮಾಸ್ತರನ್ನ ಹುಡುಕ್ತೀನಿ ನೋಡಲೇ."

ಹೀಗೆ ಪಕ್ಕೀರಪ್ಪನ ನೌಕರಿ ಒಂದು ದಿನದ ನಿದ್ದೆಗೆ ಜೋತುಬಿತ್ತು.

ಮರುದಿನ ಬಿಸಿಲೇರಿದರೂ ಅವನ ಚಪ್ಪಲಿ ಬಾಗಿಲಲ್ಲೇ ಇದ್ದದ್ದನ್ನು ಪಕ್ಕದ ಮನೆಯ ಹನುಮಮ್ಮ ನೋಡಿಬಿಟ್ಟಳು. "ಯಾಕವ್ವ, ಮಾಸ್ತರ ಕೆಲಸಕ್ಕ ಹೋಗಿಲ್ಲೇನು?"

"ಆರಾಮಿಲ್ರಿ," ಎಂದಳು ಜಯಶ್ರೀ. ಆ ಮಾತು ಬಾಯಿಂದ ಬಿದ್ದದ್ದೇ ತಪ್ಪಾಯಿತು.

ಆರಾಮಿಲ್ಲದವರನ್ನು ಮಾತಾಡಿಸಲು ಹೋಗದಿದ್ದರೆ ಆ ಓಣಿಯಲ್ಲಿ ಅದು ಆಜನ್ಮದ ಹಗೆ. ಎಳನೀರು, ಬ್ರೆಡ್ಡು, ಮೋಸಂಬಿ ಹಿಡಿದು ಜನ ಬಂದರು. ಹಿರಿಯರ ಮುಂದೆ ಕಾಲು ಚಾಚಿ ಮಲಗುವಂತಿಲ್ಲ. ಪಕ್ಕೀರಪ್ಪ ಎದ್ದು ಕೂತ.

"ಜ್ವರ ಇಲ್ಲ, ಪಟ್ಟಿ ಕಟ್ಟಿಲ್ಲ. ಏನಾಗೈತಪಾ ನಿನಗ?" ಎಂದಳು ಹನುಮಮ್ಮ.

"ದಣಿವಾಗೈತ್ರಿ."

"ಅದು ಎಲ್ಲಾರಿಗೂ ಆಗೈತಿ. ರೋಗ ಏನು ಹೇಳು."

ಜ್ವರವೂ ಅಲ್ಲ, ಪೆಟ್ಟೂ ಅಲ್ಲ. ಹಾಗಾದರೆ ಇದು ದೃಷ್ಟಿಯೇ ಸೈ ಎಂದು ಹನುಮಮ್ಮ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟಿಗೆ ಬಂದವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದರು, ಕೆಮ್ಮಿದವರಿಗೆಲ್ಲ ಜಯಶ್ರೀ ಮತ್ತೆ ಚಹಾ ಮಾಡಿದಳು.

"ರೀ, ನೀವು ಅಕ್ಕಾರ ಮನಿಗೆ ಹೋಗಿಬಿಡ್ರಿ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಕುರುಗೋಡಿನಾಗ ನಿಮ್ಮನ್ನ ಯಾರು ಗುರುತು ಹಿಡೀತಾರ?"

ಪಕ್ಕೀರಪ್ಪ ಫೋನು ಆರಿಸಿ, ಹಿತ್ತಲ ಬಾಗಿಲಿಂದ ಕಳ್ಳನಂತೆ ಪಾರಾಗಿ ಬಸ್ಸು ಹತ್ತಿದ. ಸೀಟು ಸಿಗಲಿಲ್ಲ, ಕುರುಗೋಡಿನತನಕ ನಿಂತೇ ಬಂದ.

ಅಕ್ಕ ಮಂಜಮ್ಮ ತಮ್ಮನಿಗೆ ಬೇವಿನ ಮರದ ಕೆಳಗೆ ಹೊರಸು ಹಾಕಿ, ಮೇಲೆ ಕೌದಿ ಹಾಸಿದಳು. ತಂಪುಗಾಳಿ ಬೀಸುತ್ತಿತ್ತು. ಆಹಾ, ಬದುಕಿದೆ ಎಂದುಕೊಂಡು ಅವನು ಕಣ್ಣು ಮುಚ್ಚಿದ. ಆದರೆ ಮಂಜಮ್ಮನಿಗೆ ತಮ್ಮನೆಂದರೆ ಪ್ರಾಣ. ಬಳ್ಳಾರಿಯ ದೊಡ್ಡ ಮಾಸ್ತರ ಮನೆಗೆ ಬಂದಿರುವ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಅವಳಿಂದ ಸಾಧ್ಯವೇ? ಪಕ್ಕೀರಪ್ಪ ಕಣ್ಣು ಬಿಟ್ಟಾಗ ಹೊರಸಿನ ಸುತ್ತ ಹೆಂಗಸರು, ಕೈಕೈಯಲ್ಲಿ ಬಟ್ಟೆ.

"ಅಣ್ಣಾರ, ಒಂದ ಒಂದು ಕುಪ್ಪಸ. ಬೇಕಾದ್ರ ಮಲಕೊಂಡ ಕತ್ತರಿಸ್ರಿ," ಎಂದಳು ಒಬ್ಬಳು.

"ಅಕ್ಕನ ಮರ್ಯಾದಿ ಉಳಸೋ ತಮ್ಮಾ," ಎಂದು ಮಂಜಮ್ಮ ಕತ್ತರಿ ತಂದು ಕೈಗಿತ್ತಳು.

ಅಕ್ಕನ ಮರ್ಯಾದೆಯ ಪ್ರಶ್ನೆ ಬಂದ ಮೇಲೆ ಇನ್ನೇನು ಮಾಡುವುದು? ಕುಪ್ಪಸ, ಲಂಗ, ಯಾರದೋ ಗಂಡನ ಪಾಯಿಜಾಮ ಎಲ್ಲಾ ಕತ್ತರಿಸುತ್ತ ಕೂತ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು. ಇಳಿದವನು ಸಾಕ್ಷಾತ್ ಕೊಟ್ರಬಸಪ್ಪ, ಕೈಯಲ್ಲಿ ಸೇಬಿನ ಚೀಲ.

ಮಲಗೆಂದು ಕೊಟ್ಟ ರಜೆಯಲ್ಲಿ ಪಕ್ಕೀರಪ್ಪ ಕತ್ತರಿ ಹಿಡಿದು ಸಿಕ್ಕಿಬಿದ್ದಿದ್ದ. ನೌಕರಿ ಹೋಯಿತೆಂದೇ ಲೆಕ್ಕ.

"ಸಿರುಗುಪ್ಪಕ್ಕ ಹೊಂಟಿದ್ದೆ. ನೀ ಇಲ್ಲಿ ಅದೀ ಅಂತ ನಿನ್ನ ಹೇಣ್ತಿ ಹೇಳಿದ್ಳು. ಆರಾಮಿಲ್ಲದವರನ್ನ ಮಾತಾಡಿಸದ ಹೆಂಗ ಹೋಗಾಕ ಬರತೈತಿ?" ಎಂದ ಕೊಟ್ರಬಸಪ್ಪ. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ಅವನು ಚೀಲದಿಂದ ಒಂದು ಸೇಬು ತೆಗೆದು ಕಿವಿಗಿಟ್ಟುಕೊಂಡು, "ಹಲೋ, ಯಾರದು? ಜೋರ ಮಾತಾಡು!" ಎಂದು ಗದರಿದ.

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಪಕ್ಕೀರಪ್ಪನಿಗೆ ಮಾತ್ರ ನಗು ಬರಲಿಲ್ಲ. ಮಾಲೀಕನ ಕೆಂಪಾದ ಕಣ್ಣು, ಮೇಲೆ ಕೆಳಗಾದ ಅಂಗಿಯ ಗುಂಡಿ ನೋಡಿ ಅವನಿಗೆ ತಾನು ಗೆರೆ ಎಳೆಯಹೋದ ರೊಟ್ಟಿ ನೆನಪಾಯಿತು.

"ಸಾವ್ಕಾರ್ರ, ಅದು ಸೇಬು," ಎಂದ ಮೆಲ್ಲಗೆ. "ನೀವು ನಿದ್ದಿ ಮಾಡಿ ಎಷ್ಟು ದಿನ ಆತ್ರಿ?"

"ಸಿರುಗುಪ್ಪದಾಗ ಹೊಸ ಕಾರ್ಖಾನಿ ತೆಗದಾಗಿಂದ ನಿದ್ದಿ ಎಲ್ಲೈತಪಾ," ಎಂದು ಕೊಟ್ರಬಸಪ್ಪ ಹೊರಸಿನ ಮೇಲೆ ಕುಸಿದು ಕೂತ.

"ಒಂದೀಟು ಅಡ್ಡಾಗ್ರಿ."

ಅಡ್ಡಾದದ್ದಷ್ಟೇ, ಬೇವಿನ ಮರದ ಕಾಗೆಗಳು ಹಾರಿಹೋಗುವಂತೆ ಗೊರಕೆ ಶುರುವಾಯಿತು. ಹೆಂಗಸರು "ಪಾಪ, ಸಾವ್ಕಾರ್ರು ಮಲಗ್ಯಾರ" ಎಂದು ತುದಿಗಾಲಲ್ಲಿ ಎದ್ದು ಹೋದರು. ಫೋನು ಮಾತ್ರ ಬಿಡಲಿಲ್ಲ. ಮಾಲೀಕನಿಗೆ ಎಚ್ಚರವಾದೀತೆಂದು ಪಕ್ಕೀರಪ್ಪನೇ ಅದನ್ನು ಎತ್ತಿಕೊಂಡು ಅಂಗಳದ ಮೂಲೆಗೆ ಹೋದ. ಸಿರುಗುಪ್ಪದಲ್ಲಿ ದಾರ ಮುಗಿದಿತ್ತು, ಬಳ್ಳಾರಿಯಲ್ಲಿ ಜಿಪ್ಪು ಬಂದಿರಲಿಲ್ಲ, ಟೈಲರ್‌ಗಳಿಬ್ಬರು ಜಗಳವಾಡಿದ್ದರು. ಎಲ್ಲವನ್ನೂ ಪಿಸುಮಾತಿನಲ್ಲೇ ಬಗೆಹರಿಸಿದ.

ದೀಪ ಹಚ್ಚುವ ಹೊತ್ತಿಗೆ ಕೊಟ್ರಬಸಪ್ಪ ಎದ್ದ. ಮುಖ ಎಣ್ಣೆ ಎರೆಸಿಕೊಂಡ ಕೂಸಿನಂತೆ ಕಳೆಕಳೆಯಾಗಿತ್ತು. ಫೋನು ನೋಡಿ ಹುಬ್ಬೇರಿಸಿದ.

"ಇಷ್ಟೂ ನೀನ ಮಾತಾಡಿದ್ಯಾ? ಲೇ ಪಕ್ಕೀರಪ್ಪ, ನೀ ಪೂರಾ ಆರಾಮಾಗಿಬಿಟ್ಟೀಯಲ್ಲಲೇ! ಆ ಡಾಕ್ಟ್ರು ದೊಡ್ಡಾಂವ ನೋಡು. ಯವ್ವಾ ಮಂಜಮ್ಮ, ನಾ ನಾಕು ದಿನ ಇಲ್ಲೇ ಮಲಗ್ತೀನಿ, ರೊಟ್ಟಿ ಹಾಕ್ತೀಯಲ್ಲ?"

"ಅಯ್ಯ, ನಿಮ್ಮ ಮನಿ ಅಂತ ತಿಳೀರಿ," ಎಂದಳು ಮಂಜಮ್ಮ ಹಿಗ್ಗುತ್ತ.

"ಹಂಗಾರ ಅಲ್ಲೀತನ ಬಳ್ಳಾರಿ, ಸಿರುಗುಪ್ಪ ಎರಡೂ ಪಕ್ಕೀರಪ್ಪನೇ ನೋಡ್ಕೊಳ್ಳಲಿ. ಈಗ ಕಾರಿನಾಗ ಸಿರುಗುಪ್ಪಕ್ಕ ನಡಿ."

ನೌಕರಿ ಉಳಿಯಿತು, ಅದೂ ಎರಡಾಗಿ. ಪಕ್ಕೀರಪ್ಪ ಕಾರು ಹತ್ತಿದ. ಮೆತ್ತನೆಯ ಸೀಟು, ತಣ್ಣನೆಯ ಎಸಿ. ಸಿರುಗುಪ್ಪ ಬರುವತನಕವಾದರೂ ಮಲಗೋಣವೆಂದು ತಲೆಯಾನಿಸಿ ಕಣ್ಣು ಮುಚ್ಚಿದ.

ಚಾಲಕ ದೊಡ್ಡದಾಗಿ ಆಕಳಿಸಿ ಗಾಡಿ ಹೊರಡಿಸಿದ.

"ಮಾಸ್ತರ್ರ, ಮಲಗಬ್ಯಾಡ್ರಿ. ಸಾವ್ಕಾರ್ರ ಜೋಡಿ ತಿರುಗಿ ತಿರುಗಿ ನನಗೂ ಕಣ್ಣು ಎಳಿಯಾಕತ್ತಾವ. ದಾರಿ ತುಂಬ ಏನಾರ ಮಾತಾಡ್ಕೊಂತ ಬರ್ರಿ."